ಆಫೀಸಿನ ಪ್ಯಾಂಟ್ರಿಗೆ ಯಾವುದು ವಾಸಿ: ಕೆಟಲ್, ಇಂಡಕ್ಷನ್, ಮೈಕ್ರೋವೇವ್, ಎಲೆಕ್ಟ್ರಿಕ್ ಲಂಚ್ ಬಾಕ್ಸ್?

ನಮ್ಮದು ಬೆಂಗಳೂರಿನ ಸಣ್ಣ ಆಫೀಸು. ಕ್ಯಾಂಟೀನ್ ಇಲ್ಲ, ಹೆಚ್ಚಿನವರು ಮನೆಯಿಂದ ಡಬ್ಬಿ ತರುತ್ತಾರೆ. ಊಟ ಬಿಸಿ ಮಾಡೋಕೆ, ನೀರು ಕಾಯಿಸೋಕೆ ಈ ನಾಲ್ಕನ್ನೂ ಬಳಸಿ ನೋಡಿದ್ದೇವೆ. ನಾನು ಮುಖ್ಯವಾಗಿ ಗಮನಿಸಿದ್ದು ಇಷ್ಟು: ಯಾರಾದರೂ ಆನ್ ಮಾಡಿ, ಮರೆತು, ಮೀಟಿಂಗಿಗೆ ಹೋದರೆ ಏನಾಗುತ್ತದೆ? ಮನೆಯಲ್ಲಿ ಒಲೆ ಮೇಲೆ ಒಬ್ಬರ ಕಣ್ಣಾದರೂ ಇರುತ್ತದೆ. ಆಫೀಸಿನಲ್ಲಿ ಬೇರೆಯವರು ನೋಡ್ಕೋತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಬರೀ ನೀರಿಗಾದರೆ ಕೆಟಲ್ಲೇ ಸರಿ. 1500 ವಾಟ್‌ನ ಕೆಟಲ್ ಒಂದು ಲೀಟರ್ ನೀರನ್ನು ನಾಲ್ಕೈದು ನಿಮಿಷದಲ್ಲಿ ಕುದಿಸಿ, ತಾನೇ ಆಫ್ ಆಗುತ್ತದೆ. ಒಳಗೆ ಎರಡು ಲೋಹ ಬೆಸೆದ ತೆಳು ಪಟ್ಟಿ ಇರುತ್ತದೆ. ಹಬೆ ತಾಗಿದ ಕೂಡಲೇ ಅದು ಬಾಗಿ ಸ್ವಿಚ್ ಬಿಡಿಸುತ್ತದೆ. ಮುಚ್ಚಳ ತೆರೆದಿಟ್ಟರೆ ಹಬೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ನೀರು ಕುದಿಯುತ್ತಲೇ ಇರುತ್ತದೆ. ಹಾಲು, ಮ್ಯಾಗಿ ಇದರಲ್ಲಿ ಬೇಡವೇ ಬೇಡ. ಹಾಲು ತಳ ಹಿಡಿಯುತ್ತದೆ, ಉಕ್ಕಿದರೆ ಕೆಳಗಿನ ಕನೆಕ್ಟರಿಗೇ ಇಳಿಯುತ್ತದೆ. ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಆಗಾಗ ನಿಂಬೆರಸ ಹಾಕಿದ ನೀರು ಕುದಿಸಿ ತೊಳೆಯಬೇಕು.

ಇಂಡಕ್ಷನ್ ಒಲೆಯಲ್ಲಿ ಒಳ್ಳೆ ಚಹಾ ಆಗುತ್ತದೆ, ಅದನ್ನು ಒಪ್ಪಲೇಬೇಕು. ಪಾತ್ರೆ ಎತ್ತಿದರೆ ಕಾಯಿಸುವುದೂ ನಿಲ್ಲುತ್ತದೆ. ಆದರೆ ಬೆಂಕಿ ಕಾಣಿಸುವುದಿಲ್ಲ ಅಂತ ಜನ ಧೈರ್ಯವಾಗಿ ಬಿಟ್ಟು ಹೋಗುತ್ತಾರೆ. ಪಾತ್ರೆ ಮೇಲೇ ಇದ್ದರೆ ಎಷ್ಟೋ ಮಾಡೆಲ್‌ಗಳು ಬೇಗ ಆಫ್ ಆಗುವುದಿಲ್ಲ, ಅಷ್ಟರಲ್ಲಿ ಸಾರು ಬತ್ತಿ ಸೀದುಹೋಗಿರುತ್ತದೆ. ಎಣ್ಣೆ ಇಟ್ಟು ಮರೆತರೆ ಅದಕ್ಕೇ ಬೆಂಕಿ ಹತ್ತಬಹುದು. ಒಗ್ಗರಣೆ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡರೆ ಇಡೀ ಬಿಲ್ಡಿಂಗ್ ಕೆಳಗಿಳಿಯಬೇಕು. ಹೀಗಾಗಿ ಆಫೀಸಿಗೆ ಇದು ಬೇಡ ಅನ್ನುವುದೇ ನನ್ನ ಮಾತು.

ಇಲ್ಲಿ ಸಾಕೆಟ್ಟಿನ ವಿಷಯ ಹೇಳಲೇಬೇಕು, ಏಕೆಂದರೆ ಅಪಾಯ ಎಷ್ಟೋ ಸಲ ಗೋಡೆಯ ಕಡೆಯಿಂದಲೇ ಬರುತ್ತದೆ. ನಮ್ಮ ಸಣ್ಣ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ 1380 ವಾಟ್ ಆಯಿತು. 1500 ವಾಟ್ ಕೆಟಲ್ಲೇ ಅದನ್ನು ದಾಟುತ್ತದೆ. 2000 ವಾಟ್ ಇಂಡಕ್ಷನ್‌ಗೆ ಸುಮಾರು 8.7 ಆಂಪಿಯರ್ ಬೇಕು. ಇಂಥವು ಹೋಗಬೇಕಾದ್ದು 16 ಆಂಪಿಯರ್‌ನ ದೊಡ್ಡ ಸಾಕೆಟ್ಟಿಗೆ, ಅದೂ ನೇರವಾಗಿ. ಕನ್ವರ್ಷನ್ ಪ್ಲಗ್ ಚುಚ್ಚಿ ಸಣ್ಣದಕ್ಕೆ ಹಾಕುವುದು, ಕಂಪ್ಯೂಟರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸುವುದು ಎರಡೂ ತಪ್ಪು. ಎಂಸಿಬಿ (ಬೋರ್ಡಿನಲ್ಲಿರುವ, ಕರೆಂಟ್ ತಾನೇ ಕಡಿಯುವ ಸ್ವಿಚ್) ಇದೆಯಲ್ಲ, ಟ್ರಿಪ್ ಆಗುತ್ತೆ ಬಿಡಿ ಅನ್ನುತ್ತಾರೆ. ಅದು ನೋಡುವುದು ಕರೆಂಟ್ ಮಿತಿ ಮೀರಿತೇ ಅಂತ ಮಾತ್ರ. ಪಿನ್ ಸಡಿಲವಾಗಿ ಕಾಯ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ಲಗ್ ಮುಟ್ಟಿದಾಗ ಬಿಸಿ ಅನಿಸಿದರೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಅವತ್ತೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಶಾಕ್ ಹೊಡೆದರೆ ಕೂಡಲೇ ಕರೆಂಟ್ ಕಡಿಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸ್ವಿಚ್ ಬೇರೆಯೇ ಬೇಕು.

ಊಟ ಬಿಸಿ ಮಾಡೋಕೆ ನನ್ನ ಆಯ್ಕೆ ಮೈಕ್ರೋವೇವ್. ಹೊತ್ತು ಕೊಟ್ಟರೇ ಓಡುವುದು, ಮುಗಿದ ಮೇಲೆ ತಾನೇ ನಿಲ್ಲುವುದು. ಮರೆತರೆ ಅನ್ನ ತಣ್ಣಗಾಗುತ್ತದೆ, ಅಷ್ಟೇ. ನಮ್ಮವರಿಗೆ ತೊಡಕು ಸ್ಟೀಲ್ ಡಬ್ಬಿ. ಕಿಡಿ ಹಾರಬಹುದು, ಚಪಾತಿ ಸುತ್ತಿದ ಫಾಯಿಲ್‌ಗೂ ಇದೇ ಮಾತು. ಹಾಗಾಗಿ ಪಕ್ಕದಲ್ಲೇ ಗಾಜಿನ ಬಟ್ಟಲು, ಪಿಂಗಾಣಿ ತಟ್ಟೆ ಇಟ್ಟೆವು. ಅದಾದ ಮೇಲೆ ಯಾರೂ ಸ್ಟೀಲ್ ಒಳಗಿಡಲಿಲ್ಲ. ಇಡ್ಲಿಗೆ ನೀರು ಚಿಮುಕಿಸಿ ಮುಚ್ಚಿದರೆ ಒಣಗುವುದಿಲ್ಲ. ಬೇಯಿಸಿದ ಮೊಟ್ಟೆ ಇಡಿಯಾಗಿ ಇಡಬೇಡಿ, ಸಿಡಿಯುತ್ತದೆ. ಬರೀ ನೀರನ್ನೂ ಇದರಲ್ಲಿ ಕಾಯಿಸಬೇಡಿ. ಕುದಿಯುವ ಬಿಸಿ ದಾಟಿದರೂ ಕೆಲವೊಮ್ಮೆ ಗುಳ್ಳೆ ಬರುವುದಿಲ್ಲ, ಚಮಚ ಹಾಕಿದ ಕೂಡಲೇ ಉಕ್ಕಿ ಕೈ ಸುಡುತ್ತದೆ. ಊಟದ ಹೊತ್ತಿಗೆ ಕ್ಯೂ ನಿಲ್ಲಬೇಕು, ನಿಜ.

ಆ ಕ್ಯೂ ಬೇಡ ಅನ್ನುವವರು ಎಲೆಕ್ಟ್ರಿಕ್ ಲಂಚ್ ಬಾಕ್ಸ್ ತಂದರು. ಒಂದಕ್ಕೆ 50 ವಾಟ್ ಅಂದುಕೊಳ್ಳಿ, ಹತ್ತು ಸೇರಿದರೂ ಒಂದು ಕೆಟಲ್‌ನ ಮೂರನೇ ಒಂದು ಭಾಗ. ಲೋಡ್ ಏನೇನೂ ಅಲ್ಲ. ಅರ್ಧ ಗಂಟೆಯಷ್ಟು ಹಿಡಿಯುತ್ತದೆ, ಅನ್ನ-ಸಾಂಬಾರ್ ಹದವಾಗಿ ಬಿಸಿಯಾಗುತ್ತದೆ, ಚಪಾತಿ ಮಾತ್ರ ಮೆತ್ತಗಾಗುತ್ತದೆ. ನನಗೆ ಹೆದರಿಕೆ ಅದು ಇರುವ ಜಾಗದ್ದು. ಮೇಜಿನ ಕೆಳಗೆ, ಪೇಪರ್, ಬ್ಯಾಗುಗಳ ನಡುವೆ, ಟೈಮರ್ ಇಲ್ಲದೆ. ಶುಕ್ರವಾರ ಮರೆತರೆ ಸೋಮವಾರದವರೆಗೂ ಆನ್. ಹೀಗಾಗಿ ಪ್ಯಾಂಟ್ರಿಯ ಕಲ್ಲಿನ ಕಟ್ಟೆ ಮೇಲೆ ಒಂದೇ ಸ್ವಿಚ್ಚಿನಡಿ ಸಾಲಾಗಿ ಇಡೋಣ ಅಂದೆವು.

ಈಗ ಇಂಡಕ್ಷನ್ ಇಲ್ಲ. ಮೈಕ್ರೋವೇವ್, ಕೆಟಲ್ ಎರಡಕ್ಕೂ ಬೇರೆ ಬೇರೆ ದೊಡ್ಡ ಸಾಕೆಟ್ ಇದೆ. ಕಾರ್ಬನ್ ಡೈಆಕ್ಸೈಡ್ ಎಕ್ಸ್‌ಟಿಂಗ್ವಿಷರ್ ಪ್ಯಾಂಟ್ರಿಯ ಬಾಗಿಲ ಹೊರಗಿದೆ, ಒಳಗೆ ಬೆಂಕಿ ಇದ್ದರೆ ಅದನ್ನು ತರಲು ಒಳಗೆ ಹೋಗುವಂತಿಲ್ಲ ಅಲ್ವಾ. ಫ್ರಿಜ್‌ಗೆ ಬೇರೆ ಲೈನ್ ಎಳೆಸಿದ್ದರಿಂದ, ಸಂಜೆ ಕೊನೆಗೆ ಹೊರಡುವವರು ಪ್ಯಾಂಟ್ರಿಯ ಎಂಸಿಬಿಯನ್ನೇ ಇಳಿಸಿ ಹೋಗುತ್ತಾರೆ.