ಸ್ಟಬ್‌ಹಬ್, ವಿಯಾಗೋಗೋ, ಟ್ವಿಕೆಟ್ಸ್: ಮರುಮಾರಾಟದ ಟಿಕೆಟ್ ಎಲ್ಲಿ ಕೊಳ್ಳಬೇಕು?

ಒಬ್ಬರು ಕೊಂಡ ಕಾರ್ಯಕ್ರಮದ ಟಿಕೆಟ್ಟನ್ನು ಇನ್ನೊಬ್ಬರಿಗೆ ಮಾರಲು ಇರುವ ಸೈಟುಗಳಿವು. ಸ್ಟಬ್‌ಹಬ್‌ನಲ್ಲಿ ಬೆಲೆ ಜಾಸ್ತಿ ಅಂತ ವಿಯಾಗೋಗೋಗೆ ಹೋಗುವವರು ಒಂದು ವಿಷಯ ತಿಳಿದಿರಲಿ: 2020ರಲ್ಲಿ ವಿಯಾಗೋಗೋ 405 ಕೋಟಿ ಡಾಲರ್ ಕೊಟ್ಟು ಸ್ಟಬ್‌ಹಬ್ ಖರೀದಿಸಿತು. ಬೆಲೆ ನಿಗದಿ ಮಾಡುವುದು ಮಾರುವವನು, ಸೈಟು ಮಾಡುವುದು ದಲ್ಲಾಳಿ ಕೆಲಸ. ಶುಲ್ಕ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಇರುವುದರಿಂದ ಟಿಕೆಟ್ ದುಬಾರಿಯಾದಷ್ಟೂ ಸೈಟಿಗೇ ಲಾಭ.

ಇಲ್ಲಿ ದೊಡ್ಡ ಅಪಾಯ, ಕೈಯಲ್ಲಿ ಇಲ್ಲದ ಟಿಕೆಟ್ಟನ್ನು ಮಾರುವುದು. ಸಾರ್ವಜನಿಕ ಮಾರಾಟ ಶುರುವಾಗುವ ಮೊದಲೇ ಟಿಕೆಟ್ ಕಾಣಿಸಿದರೆ, ಸಾಲು ಮತ್ತು ಸೀಟಿನ ನಂಬರ್ ಇಲ್ಲದೆ ಬರೀ ವಿಭಾಗದ ಹೆಸರಿದ್ದರೆ, ಮುಟ್ಟಬೇಡಿ. ಮಾರುವವನು ಮೊದಲು ನಿಮ್ಮಿಂದ ಆರ್ಡರ್ ಹಿಡಿದು, ಆಮೇಲೆ ಅಗ್ಗದ ಟಿಕೆಟ್ ಹುಡುಕುತ್ತಿರಬಹುದು. ಸಿಗದಿದ್ದರೆ ಕೊನೇ ಗಳಿಗೆಯಲ್ಲಿ ಕೈ ಎತ್ತುತ್ತಾನೆ. ಸೈಟು ಕೊಡುವ ಗ್ಯಾರಂಟಿ ಪ್ರಕಾರ ಬದಲಿ ಟಿಕೆಟ್ಟೋ ಟಿಕೆಟ್ಟಿನ ಹಣವೋ ಸಿಗಬಹುದು, ಆದರೆ ಪ್ರಯಾಣಕ್ಕೂ ಹೋಟೆಲಿಗೂ ಸುರಿದ ದುಡ್ಡು ಹೋದಂತೆಯೇ. ಪರದೆಯ ಮೇಲೆ ಓಡುವ ಗಡಿಯಾರ, 'ಇನ್ನು ಎರಡೇ ಉಳಿದಿವೆ' ಎಂಬ ಸಾಲು, ಎರಡೂ ನಿಮ್ಮನ್ನು ಅವಸರಪಡಿಸಲು ಇರುವುದು. ಪಾವತಿ ಪುಟದ ಕೊನೆಯ ಮೊತ್ತವನ್ನೇ ಮುಖಬೆಲೆಯ (ಟಿಕೆಟ್ಟಿನ ಮೂಲ ಬೆಲೆಯ) ಜೊತೆ ಹೋಲಿಸಿ.

ಟ್ವಿಕೆಟ್ಸ್ ಬೇರೆ ಜಾತಿಯದು. ಮುಖಬೆಲೆಗಿಂತ ಹೆಚ್ಚಿಗೆ ಮಾರಲು ಬಿಡುವುದಿಲ್ಲ, ಶುಲ್ಕ ಮಾತ್ರ ಸೇರುತ್ತದೆ. ಬೇಡಿಕೆಯ ಕಾರ್ಯಕ್ರಮಕ್ಕೆ ಸಿಗುವುದು ಕಷ್ಟ, ಅಲರ್ಟ್ ಹಾಕಿಟ್ಟು ಬಂದ ತಕ್ಷಣ ಹಿಡಿಯಬೇಕು. ಆದರೂ ಮೊದಲ ಆಯ್ಕೆ ಇದೇ. ಇಲ್ಲವಾದರೆ ಆಯೋಜಕರ ಅಧಿಕೃತ ಸೈಟನ್ನೇ ಕಾಯುವುದು ಒಳ್ಳೆಯದು: ವೇದಿಕೆ ಕಟ್ಟಿ ಮುಗಿದ ಮೇಲೆ, ಅಲ್ಲಿಯವರೆಗೆ ತಡೆದಿಟ್ಟ ಸೀಟುಗಳನ್ನು ಕೊನೆಯ ದಿನಗಳಲ್ಲಿ ಮುಖಬೆಲೆಗೇ ಬಿಡುವುದುಂಟು.

ಕಾನೂನನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಅಮೆರಿಕದ 2016ರ ಕಾಯ್ದೆ ಬಾಟ್ (ತಾನೇ ಟಿಕೆಟ್ ಕೊಳ್ಳುವ ಸಾಫ್ಟ್‌ವೇರ್) ಬಳಸಿ ಟಿಕೆಟ್ ಬಾಚುವುದನ್ನು ತಡೆಯುತ್ತದೆಯೇ ಹೊರತು ದುಬಾರಿ ಮರುಮಾರಾಟವನ್ನಲ್ಲ. ಐರ್ಲೆಂಡ್ 2021ರಲ್ಲಿ ಕಾರ್ಯಕ್ರಮ ನಡೆಯುವ ದೊಡ್ಡ ಸ್ಥಳಗಳ ಮಟ್ಟಿಗೆ ಅದನ್ನೂ ನಿಷೇಧಿಸಿತು. ಹಾಗೆ ಮಾಡಬೇಕಾದ್ದೇ.

ದುಬಾರಿ ಸೈಟೇ ಗತಿ ಎಂದಾದರೆ ಕಾರ್ಯಕ್ರಮದ ದಿನದವರೆಗೆ ತಾಳಿ. ಬಿಕರಿಯಾಗದ ಟಿಕೆಟ್ ಆ ರಾತ್ರಿ ಕಳೆದರೆ ಬರೀ ಕಾಗದ, ಹಾಗಾಗಿ ಬೆಲೆ ಅನೇಕ ಸಲ ಇಳಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲೇ ಹಣ ಕಟ್ಟಿ; ತಕರಾರಾದರೆ ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು. ಸ್ಕ್ರೀನ್‌ಶಾಟ್ ಒಪ್ಪಬೇಡಿ. ಕೆಲವು ಕಡೆ ಬಾರ್‌ಕೋಡ್ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ಟಿಕೆಟ್ ನಿಮ್ಮ ಹೆಸರಿನ ಖಾತೆಗೇ ವರ್ಗವಾಗಬೇಕು. ಗೇಟಿನಲ್ಲಿ ಸ್ಕ್ಯಾನ್ ಆಗದಿದ್ದರೆ ಅಲ್ಲಿಂದಲೇ ಸೈಟಿಗೆ ಫೋನ್ ಮಾಡಿ, ಪ್ರವೇಶ ನಿರಾಕರಿಸಿದ್ದಕ್ಕೆ ಸಿಬ್ಬಂದಿಯಿಂದ ಲಿಖಿತ ಪುರಾವೆ ಪಡೆಯಿರಿ. ಮನೆಗೆ ಬಂದು ಕೇಳಿದರೆ ಗ್ಯಾರಂಟಿಯ ಹಣ ವಸೂಲಿ ಮಾಡುವುದು ಬಹಳ ಕಷ್ಟ.