ಗ್ನೂ ಗೀಕ್ಸ್: ಸೋರ್ಸ್‌ನಿಂದಲೇ ಬಿಲ್ಡ್ ಮಾಡುವವರಿಗೆ ಹೇಗಿದೆ?

ಗೀಕ್ಸ್ ಅಂದರೆ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಸೋರ್ಸ್ ಕೋಡ್‌ನಿಂದ ಕಟ್ಟಿ (ಅದೇ ಬಿಲ್ಡ್) ಹಾಕಿಕೊಡುವ ಪ್ಯಾಕೇಜ್ ಮ್ಯಾನೇಜರ್. ಮೊದಲೇ ಹೇಳಿಬಿಡುತ್ತೇನೆ, ನನಗೆ ಗೀಕ್ಸ್ ಇಷ್ಟ. ಆದರೆ ಎಲ್ಲರೂ ಹಾಕಿಕೊಳ್ಳಿ ಅನ್ನುವ ಧೈರ್ಯ ಇಲ್ಲ. ಈಗಿರುವ ಲಿನಕ್ಸ್ ಡಿಸ್ಟ್ರೋ ತೆಗೆಯಬೇಕಾಗಿಲ್ಲ. ಅದರ ಮೇಲೇ ಹಾಕಿಕೊಳ್ಳಬಹುದು, ಡಿಸ್ಟ್ರೋದ ಸ್ವಂತ ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಆಗಲಿ ಡಿಎನ್‌ಎಫ್ ಆಗಲಿ ಅದರ ಪಾಡಿಗೆ ಅದು ಇರುತ್ತದೆ, ಗೀಕ್ಸ್ ಕಟ್ಟಿದ ಪ್ಯಾಕೇಜ್‌ಗಳೆಲ್ಲ /ಗ್ನೂ/ಸ್ಟೋರ್ ಒಳಗೆ, ಹೆಸರಿನ ಮುಂದೆ ಒಂದೊಂದು ಉದ್ದದ ಹ್ಯಾಶ್ (ಬೆರಳಚ್ಚಿನ ಥರದ ಗುರುತು) ಅಂಟಿಸಿಕೊಂಡು ಕೂತಿರುತ್ತವೆ. ಒಂದೇ ಲೈಬ್ರರಿಯ ಎರಡು ವರ್ಷನ್ ಇದ್ದರೂ ಜಗಳ ಇಲ್ಲ.

ಅಸಲಿ ವಿಷಯ ಬಿಲ್ಡ್ ನಡೆಯುವ ರೀತಿಯಲ್ಲಿದೆ. ಹಿಂದೆ ಒಂದು ಡೀಮನ್ (ತೆರೆಮರೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂ) ಓಡುತ್ತಿರುತ್ತದೆ, ಪ್ರತಿ ಬಿಲ್ಡ್‌ಗೂ ಅದು ಬೇರೆಯೇ ಜಾಗ ಮಾಡಿಕೊಡುತ್ತದೆ. ಅಲ್ಲಿ ನೆಟ್‌ವರ್ಕ್ ಇಲ್ಲ. /ಯುಎಸ್‌ಆರ್/ಬಿನ್ ಇಲ್ಲ. ನಿಮ್ಮ ಹೋಮ್ ಫೋಲ್ಡರ್ ಕೂಡ ಇಲ್ಲ, ಅದರ ಬದಲು /ಹೋಮ್‌ಲೆಸ್-ಶೆಲ್ಟರ್ ಅಂತ ಎಲ್ಲೂ ಇಲ್ಲದ ಒಂದು ವಿಳಾಸ ಕೊಟ್ಟಿರುತ್ತಾರೆ (ಡೀಮನ್ ನಿಕ್ಸ್ ಅನ್ನುವ ಇದೇ ಥರದ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್‌ನಿಂದ ಬಂದದ್ದು, ಈ ತಮಾಷೆಯೂ ಅದರ ಜೊತೆಗೇ ಬಂತು). ನೀವು ಬರೆದುಕೊಟ್ಟ ಇನ್‌ಪುಟ್‌ಗಳು, ಅವಕ್ಕೆ ಬೇಕಾದವು, ಜೊತೆಗೆ ಕಂಪೈಲರ್ ಥರದ ಮೂಲ ಟೂಲ್‌ಗಳು, ಅಷ್ಟೇ ಕಾಣುವುದು. ಸೋರ್ಸ್ ಡೌನ್‌ಲೋಡ್ ಮಾತ್ರ ಬೇರೆ ಹಂತ, ಅದರ ಹ್ಯಾಶ್ ಮೊದಲೇ ಬರೆದಿರಬೇಕು. ಒಂದು ಬೈಟ್ ಬದಲಾದರೂ ಒಳಗೆ ಬಿಡುವುದಿಲ್ಲ.

ಇದರ ಬಿಸಿ ತಟ್ಟುವುದು ಮೊದಲ ಪ್ಯಾಕೇಜ್ ಬರೆಯುವಾಗ. ಒಂದು ಸಣ್ಣ ಸಿ ಪ್ರೋಗ್ರಾಂ ಅಂದುಕೊಳ್ಳಿ. ಮಾಮೂಲಿ ಟರ್ಮಿನಲ್‌ನಲ್ಲಿ ಮೇಕ್ ಕೊಟ್ಟರೆ ಸಲೀಸಾಗಿ ಆಗುತ್ತದೆ. ಗೀಕ್ಸ್ ಒಳಗೆ ಕಾನ್ಫಿಗರ್ ಹಂತದಲ್ಲೇ ಪಿಕೆಜಿ-ಕಾನ್ಫಿಗ್ (ಲೈಬ್ರರಿಗಳು ಎಲ್ಲಿವೆ ಅಂತ ಹೇಳುವ ಟೂಲ್) ಸಿಗಲಿಲ್ಲ ಅಂತ ಬೀಳುತ್ತದೆ, ಯಾಕೆಂದರೆ ಯಾವಾಗಲೋ ಬೇರೆ ಯಾವುದಕ್ಕೋ ಹಾಕಿಕೊಂಡಿದ್ದು ಹೊರಗಡೆ ಸುಮ್ನೆ ಕೂತಿತ್ತು, ರೀಡ್‌ಮಿಯಲ್ಲಿ ಅದರ ಸುದ್ದಿಯೇ ಇಲ್ಲ. ನೇಟಿವ್-ಇನ್‌ಪುಟ್ಸ್‌ಗೆ (ಬಿಲ್ಡ್ ಮಾಡುವಾಗ ಬೇಕಾದ ಟೂಲ್‌ಗಳ ಪಟ್ಟಿ) ಸೇರಿಸಿದರೆ ಮುಂದೆ ಹೋಗುತ್ತದೆ. ಆಮೇಲೆ ಚೆಕ್ ಹಂತದಲ್ಲಿ ಮತ್ತೆ ಬೀಳುತ್ತದೆ. ನೋಡಿದರೆ ಒಂದು ಟೆಸ್ಟ್ ಹೊರಗಿನ ಯಾವುದೋ ಸರ್ವರ್ ಜೊತೆ ಮಾತಾಡಲು ಹೊರಟಿರುತ್ತದೆ! ಸಿಟ್ಟು ಬರುತ್ತದೆ, ನಿಜ. ಆದರೆ ಇವೆಲ್ಲ ಪ್ರೋಗ್ರಾಂ ಒಳಗೆ ಮೊದಲಿಂದಲೂ ಇದ್ದ ತೊಂದರೆಗಳೇ ಅಲ್ವಾ? ಗೀಕ್ಸ್ ಮುಚ್ಚಿಡಲಿಲ್ಲ, ಅಷ್ಟೇ. ಅದೇ ಡಾಕರ್‌ಫೈಲ್‌ನಲ್ಲಿ (ಕಂಟೇನರ್ ಇಮೇಜ್ ಕಟ್ಟುವ ಹಂತಗಳ ಫೈಲ್) ಆಪ್ಟ್ ಅಪ್‌ಡೇಟ್ ಅಂತ ಬರೆದು ಆರು ತಿಂಗಳ ಮೇಲೆ ಅದನ್ನೇ ಓಡಿಸಿದರೆ ಬೇರೆ ಇಮೇಜ್ ಬರಬಹುದು, ಯಾರೂ ಎಚ್ಚರಿಸುವುದಿಲ್ಲ.

ಬಿದ್ದ ಬಿಲ್ಡ್ ನೋಡಲು --ಕೀಪ್-ಫೇಲ್ಡ್ ಅನ್ನುವ ಆಯ್ಕೆ ಇದೆ. ಕೊಟ್ಟರೆ ಅರ್ಧಕ್ಕೆ ನಿಂತ ಫೋಲ್ಡರ್ /ಟಿಎಂಪಿಯಲ್ಲಿ ಹಾಗೇ ಉಳಿಯುತ್ತದೆ. ಒಳಗೆ ಎನ್ವಿರಾನ್ಮೆಂಟ್-ವೇರಿಯಬಲ್ಸ್ ಅನ್ನುವ ಫೈಲ್ ಇರುತ್ತದೆ, ಅದನ್ನು ಸೋರ್ಸ್ ಮಾಡಿಕೊಂಡು ಕೈಯಾರೆ ಮೇಕ್ ಓಡಿಸಿ ಎಲ್ಲಿ ಕೈಕೊಟ್ಟಿತು ಅಂತ ಹುಡುಕಬಹುದು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಇನ್ನೊಂದು --ಚೆಕ್. ಕಟ್ಟಿದ ಪ್ಯಾಕೇಜ್ ಅನ್ನೇ ಮತ್ತೆ ಕಟ್ಟಿ, ಎರಡೂ ಬಿಟ್ ಬಿಟ್‌ಗೆ ಒಂದೇ ಇದೆಯಾ ನೋಡುತ್ತದೆ. ವರ್ಷನ್ ಸ್ಟ್ರಿಂಗ್‌ಗೆ ಇವತ್ತಿನ ತಾರೀಕು, ಟೈಮ್ ತುರುಕುವ ಮೇಕ್‌ಫೈಲ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಪ್ಯಾಚ್ (ಸೋರ್ಸ್‌ಗೆ ತಮ್ಮದೇ ಬದಲಾವಣೆ) ಹಾಕಿ ನೋಡುವವರಿಗೆ --ವಿತ್-ಪ್ಯಾಚ್ ಹಬ್ಬವೇ ಸರಿ. ಪ್ಯಾಕೇಜ್ ಡೆಫಿನಿಷನ್ ಮುಟ್ಟದೆ, ಒಂದೇ ಕಮಾಂಡ್‌ನಲ್ಲಿ ನಿಮ್ಮ ಪ್ಯಾಚ್ ಸೇರಿದ ಬಿಲ್ಡ್ ಸಿಗುತ್ತದೆ, ಹಳೆಯದು ಸ್ಟೋರ್‌ನಲ್ಲಿ ಹಾಗೇ ಇರುತ್ತದೆ. ಇನ್‌ಸ್ಟಾಲ್ ಮಾಡಿ ಕೆಟ್ಟರೆ ರೋಲ್-ಬ್ಯಾಕ್, ಅಂದರೆ ಹಿಂದಿನ ಸ್ಥಿತಿಗೆ ವಾಪಸ್, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಸೋರ್ಸ್ ಹುಚ್ಚು ಎಲ್ಲಿವರೆಗೆ ಅಂದರೆ, 2023ರಲ್ಲಿ ಇವರು ಇಡೀ ಟೂಲ್‌ಚೈನ್‌ನ (ಕಂಪೈಲರ್ ಮತ್ತು ಅದರ ಜೊತೆಯ ಟೂಲ್‌ಗಳು) ಬುಡವನ್ನು 357 ಬೈಟ್‌ನ ಒಂದು ಬೈನರಿಗೆ ಇಳಿಸಿದರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಜಿಸಿಸಿ ಕಂಪೈಲರ್‌ವರೆಗೆ ಸೋರ್ಸ್‌ನಿಂದಲೇ ಹತ್ತಿಕೊಂಡು ಬರುತ್ತದೆ. ದಿನದ ಕೆಲಸಕ್ಕೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೂ ಓದಿದಾಗ ಭೇಷ್ ಅನಿಸಿತು.

ಈಗ ಬೈಯುವ ಸರದಿ. ಪ್ಯಾಕೇಜ್ ಪಟ್ಟಿ ಹೊಸದು ಮಾಡುವ ಗೀಕ್ಸ್ ಪುಲ್ ಕಮಾಂಡ್ ನಿಧಾನ. ಬರೀ ಪಟ್ಟಿ ತರುವುದಲ್ಲ, ಗೀಕ್ಸ್‌ನ ಸ್ಕೀಮ್ ಭಾಷೆಯ ಕೋಡ್ ಕಂಪೈಲ್ ಮಾಡುವುದೂ ಅದರಲ್ಲೇ ಸೇರಿದೆ, ಹಳೆ ಲ್ಯಾಪ್‌ಟಾಪ್ ಆದರೆ ಫ್ಯಾನ್ ಕಿರುಚುತ್ತದೆ. ರೆಡಿ ಬೈನರಿ ಸಿಗುತ್ತದೆ, ಅವರು ಅದಕ್ಕೆ ಸಬ್‌ಸ್ಟಿಟ್ಯೂಟ್ ಅನ್ನುತ್ತಾರೆ, ಎಲ್ಲವನ್ನೂ ನೀವೇ ಕಟ್ಟಬೇಕಾಗಿಲ್ಲ. ಆದರೆ ಗ್ಲಿಬ್‌ಸಿ (ಸಿ ಲೈಬ್ರರಿ) ಥರ ಬುಡದ ಪ್ಯಾಕೇಜ್ ಮುಟ್ಟಿದಿರೋ, ಅದರ ಮೇಲೆ ನಿಂತಿರುವುದೆಲ್ಲ ಮತ್ತೆ ಬಿಲ್ಡ್ ಆಗಬೇಕು. ಡೆಫಿನಿಷನ್ ಬರೆಯುವುದು ಗೈಲ್ ಸ್ಕೀಮ್‌ನಲ್ಲಿ. ಭಾಷೆ ಚೆನ್ನಾಗಿದೆ, ಅದರ ಎರರ್ ಮೆಸೇಜ್‌ಗಳು ಚೆನ್ನಾಗಿಲ್ಲ, ಒಂದು ಬ್ರಾಕೆಟ್ ತಪ್ಪಿದರೆ ಎಲ್ಲಿ ಅಂತ ಹುಡುಕುವುದು ನಿಮ್ಮ ಹಣೆಬರಹ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ) ಮೇಲೆ ನಿಂತ ದೊಡ್ಡ ಆ್ಯಪ್‌ಗಳನ್ನು ಪ್ಯಾಕೇಜ್ ಮಾಡುವ ಆಸೆ ಸದ್ಯಕ್ಕೆ ಬಿಡಿ. ನೂರಾರು ಡಿಪೆಂಡೆನ್ಸಿಗಳನ್ನೂ ಸೋರ್ಸ್‌ನಿಂದ ಕಟ್ಟಲು ಕೂತರೆ ಮುಗಿಯುವುದಿಲ್ಲ.

ಮ್ಯಾಕ್‌ನಲ್ಲಿ ಓಡುವುದಿಲ್ಲ. ಫ್ರೀ ಅಲ್ಲದ (ದುಡ್ಡಿನ ಮಾತಲ್ಲ, ಸೋರ್ಸ್ ನೋಡಿ ಬದಲಿಸುವ ಸ್ವಾತಂತ್ರ್ಯ ಕೊಡದ) ಸಾಫ್ಟ್‌ವೇರ್ ಅಧಿಕೃತ ಚಾನೆಲ್‌ನಲ್ಲಿ ಇಲ್ಲವೇ ಇಲ್ಲ, ಅಂಥ ಫರ್ಮ್‌ವೇರ್ ಬೇಡುವ ವೈಫೈ ಕಾರ್ಡ್ ಓಡುವುದಿಲ್ಲ, ಹಾಗಾಗಿ ಇದನ್ನೇ ಪೂರ್ತಿ ಓಎಸ್ ಆಗಿ ಹಾಕಿಕೊಳ್ಳುವವರು ಮೊದಲು ತಮ್ಮ ವೈಫೈ ಕಾರ್ಡ್ ಯಾವುದು ಅಂತ ನೋಡಿಕೊಳ್ಳಿ. ಇವೆರಡೂ ಅಡ್ಡ ಬರುತ್ತದೆ ಅನ್ನುವವರಿಗೆ ನಿಕ್ಸ್ ವಾಸಿ, ಅಲ್ಲಿ ಪ್ಯಾಕೇಜ್‌ಗಳೂ ಜಾಸ್ತಿ. ಮ್ಯಾನ್ಯುಯಲ್ ವಿಷಯದಲ್ಲಿ ಮಾತ್ರ ನನ್ನ ವೋಟು ಗೀಕ್ಸ್‌ಗೆ.

ಡಿಸ್ಕ್ ಬಗ್ಗೆ ಒಂದು ಮಾತು. ಹಳೆ ಜನರೇಷನ್‌ಗಳನ್ನು (ರೋಲ್-ಬ್ಯಾಕ್‌ಗೆ ಅಂತ ಉಳಿಸಿಕೊಂಡ ಹಿಂದಿನ ಸ್ಥಿತಿಗಳು) ಗೀಕ್ಸ್ ತಾನಾಗಿ ಅಳಿಸುವುದಿಲ್ಲ, ಸ್ಟೋರ್ ಬೆಳೆಯುತ್ತಲೇ ಹೋಗುತ್ತದೆ. ಕಸ ತೆಗೆಯುವ ಗೀಕ್ಸ್ ಜಿಸಿ ಕಮಾಂಡ್‌ಗೆ --ಡಿಲೀಟ್-ಜನರೇಷನ್ಸ್=1ಎಂ ಸೇರಿಸಿ ಆಗಾಗ ಓಡಿಸಿ. ತಿಂಗಳಿಗಿಂತ ಹಳೆಯವು ಹೋಗುತ್ತವೆ, ಅವಕ್ಕೆ ಮತ್ತೆ ರೋಲ್-ಬ್ಯಾಕ್ ಮಾತ್ರ ಆಗುವುದಿಲ್ಲ.