ಫ್ರಿಜ್ಜಲ್ಲಿಟ್ಟ ರೀಲು ಅಂತ ರೀಲು ಬಿಟ್ಟರು, ನಾನು ನಂಬಿದೆ

ಡೇಟ್ ಮುಗಿದ ಫಿಲ್ಮ್ ರೋಲ್ ಕೊಳ್ಳೋ ಹುಚ್ಚಿರುವವರು ದಯವಿಟ್ಟು ಇದನ್ನು ಓದಿ. ನನ್ನ ₹3,600 ಹೋಯಿತು. ದುಡ್ಡು ಹಾಳಾಗಲಿ, ಮನೆಯವರ ಮುಂದೆ ಮರ್ಯಾದೆಯೂ ಹೋಯಿತು.

ರಾಯಚೂರು ಕಡೆಯ ಮುಚ್ಚಿಹೋದ ಸ್ಟುಡಿಯೋ ಒಂದರ ಮಾಲು. ಕೊಡಾಕ್ ಗೋಲ್ಡ್ 200, ಎಂಟು ರೋಲು, ಡಬ್ಬದ ಮೇಲೆ 2010. ಎಲ್ಲಿಟ್ಟಿದ್ರಿ ಅಂತ ಮಾರುವವರನ್ನು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ: "ಫ್ರಿಜ್ಜಿನಾಗ ಅದಾವ್ರೀ ಸರ್, ಚಿಂತಿ ಬಿಡ್ರಿ." ತಣ್ಣಗಿದ್ದರೆ ಫಿಲ್ಮ್ ನಿಧಾನಕ್ಕೆ ಕೆಡುತ್ತೆ. 40 ಡಿಗ್ರಿ ಬಿಸಿಲಿನ ಊರಲ್ಲಿ ಹತ್ತಾರು ಬೇಸಿಗೆ ಹೊರಗಿದ್ದರೆ ಮುಗೀತು. ಅದಕ್ಕೇ ಅಷ್ಟು ಕೇಳಿದ್ದು.

ಪಾರ್ಸೆಲ್ ಬಿಚ್ಚಿದರೆ ನುಸಿ ಗುಳಿಗೆ ವಾಸನೆ! ಫ್ರಿಜ್ಜಿಂದ ಬಂದದ್ದಕ್ಕೆ ಈ ವಾಸನೆ ಯಾಕೆ? ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಮ್ಮನ ಹತ್ತಿರ ಬೈಸಿಕೊಂಡು ದೋಸೆ ಹಿಟ್ಟಿನ ಪಕ್ಕ ಜಾಗ ಮಾಡಿ ಇಟ್ಟೆ. ತೇವ ಕೂರಬಾರದು ಅಂತ ಮೂರು ಗಂಟೆ ಹೊರಗಿಟ್ಟು ಆಮೇಲೆ ಡಬ್ಬಿ ತೆಗೆದೆ. ಏನು ಶಿಸ್ತು ನಂದು, ಥೂ.

ಅಜ್ಜಿಯ ಎಂಬತ್ತರ ಶಾಂತಿಗೆ ಎರಡು ರೋಲು ಹೊಡೆದೆ. ಹತ್ತು ವರ್ಷಕ್ಕೆ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಲೆಕ್ಕದಲ್ಲಿ ಬೆಳಕೂ ಜಾಸ್ತಿ ಕೊಟ್ಟಿದ್ದೆ. "ಮೊಬೈಲ್ ಒಳಗಿಡಿ, ನಾನು ರೀಲಲ್ಲಿ ತೆಗೀತೀನಿ" ಅಂತ ಜಂಬ ಕೊಚ್ಚಿಕೊಂಡವನೂ ನಾನೇ.

ಲ್ಯಾಬಿನ ಹುಡುಗ ನೆಗೆಟಿವನ್ನು ಬೆಳಕಿಗೆ ಹಿಡಿದು ಸುಮ್ಮನಾದ. ಪೂರ್ತಿ ಕಂದು ಮಬ್ಬು. ಅಜ್ಜಿ ಎಲ್ಲಿ, ಕಳಶ ಎಲ್ಲಿ, ಗೊತ್ತಾಗಲ್ಲ. ಎರಡೂ ರೋಲು ಹಂಗೇ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು, "ಬೆಳಕು ಕಮ್ಮಿ ಕೊಟ್ಟೀರಿ." ಅಂಚಿನಲ್ಲಿ ಫ್ಯಾಕ್ಟರಿಯಲ್ಲೇ ಬಿದ್ದಿರೋ ನಂಬರ್ ಕೂಡ ಮಬ್ಬಲ್ಲಿ ಮುಳುಗಿದೆಯಲ್ಲ, ಅದಕ್ಕೂ ನಾನೇ ಬೆಳಕು ಕೊಟ್ಟಿದ್ದಾ? ಆಮೇಲೆ, "ಕೊರಿಯರ್‌ನವರು ಬಿಸಿಲಾಗ ಇಟ್ಟಿರಬೇಕ್ರೀ." ಎರಡು ದಿನದ ಬಿಸಿಲಿಗೆ ಹೀಗಾಗಲ್ಲ. ನುಸಿ ಗುಳಿಗೆ ಮಾತು ತೆಗೆದೆ ನೋಡಿ, ಆಗ ಬಾಯಿಬಿಟ್ಟರು.

"ಫ್ರಿಜ್ ಕೆಟ್ಟು ಭಾಳ ವರ್ಷ ಆತ್ರೀ. ಅದರಾಗ ಮನ್ಯಾಗಿನ ಸೀರಿ ಇಡ್ತಾರ. ಆದ್ರ ಫಿಲ್ಮ್ ಫ್ರಿಜ್ಜಿನಾಗ ಇದ್ವಲ್ರೀ? ಸುಳ್ಳು ಏನ್ ಹೇಳೇನಿ?"

ಕೆಟ್ಟ ಫ್ರಿಜ್ಜು. ಸೀರೆ ಬೀರು! ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ. ದುಡ್ಡು ವಾಪಸ್ ಕೇಳಿದರೆ, "ಉಳಿದ ಆರು ಹೊಡೀರಿ ಸರ್, ವಿಂಟೇಜ್ ಲುಕ್ ಬರ್ತದ." ಈಗ ಫೋನೇ ಎತ್ತಲ್ಲ.

ಅದೇ ಬ್ಯಾಚಿನ ಒಂದು ರೋಲ್ ತೊಳೆಸಿ ನೆಗೆಟಿವ್ ತೋರಿಸದವರಿಗೆ ಒಂದು ಪೈಸೆ ಕೊಡಬೇಡಿ. ಫ್ರಿಜ್ಜಲ್ಲಿದೆ ಅಂದರೆ ವಿಡಿಯೋ ಕೇಳಿ. ಬಾಗಿಲು ತೆಗೆದಾಗ ಒಳಗೆ ಲೈಟ್ ಹತ್ತುತ್ತಾ ನೋಡಿ.